ಒಂದು ಕುದುರೆ ಮಾರಲು ಬಂದ ರಷ್ಯನ್

ಹಾಸನದ ಬಸ್ ನಿಲ್ದಾಣದಲ್ಲಿ ಬೇಲೂರು, ಹಳೇಬೀಡಿನ ಬಸ್ಸಿಗೆ ಕಾದು ನಿಂತ ವಿದೇಶಿ ಪ್ರವಾಸಿಗಳ ಸುತ್ತ ಮಕ್ಕಳು ನೆರೆಯುವುದು ನಮಗೆ ಹೊಸ ನೋಟವಲ್ಲ. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೊರಟವರಿಗೂ, ಅಪರೂಪಕ್ಕೆ ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಇಳಿದವರಿಗೂ ಇದೇ ಉಪಚಾರ. ಅವರ ಕೈಯಲ್ಲೊಂದು ಪುಸ್ತಕವಿರುತ್ತದೆ. ನಮ್ಮ ಬಗ್ಗೆ ಅದರಲ್ಲಿ ಏನು ಬರೆದುಕೊಳ್ಳುತ್ತಾರೋ, ನಮಗೆ ತಿಳಿಯುವುದಿಲ್ಲ.

ಐದೂವರೆ ಶತಮಾನಗಳ ಹಿಂದೆ ಕನ್ನಡನಾಡಿನಲ್ಲಿ ಹೀಗೆ ಸುತ್ತಾಡಿದ ಒಬ್ಬ ರಷ್ಯನ್ನನ ಟಿಪ್ಪಣಿ ಮಾತ್ರ ಉಳಿದುಬಂದಿದೆ. ಹೋದಲ್ಲೆಲ್ಲ ಜನ ತನ್ನ ಬೆನ್ನಹಿಂದೆ ಬಂದು, ಬಿಳಿಯನನ್ನು ಕಂಡು ಬೆರಗಾಗುತ್ತಿದ್ದರೆಂದು ಅವನೂ ಬರೆದಿದ್ದಾನೆ. ಅವನ ಹೆಸರು ಅಫನಾಸಿ ನಿಕಿತಿನ್. ವೋಲ್ಗಾ ನದಿಯ ದಂಡೆಯ ತ್ವೇರ್ ಪಟ್ಟಣದ ವ್ಯಾಪಾರಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ನಿಕಿತಿನ್ ಅದಕ್ಕೆ ಕಾಲು ಶತಮಾನ ಮೊದಲೇ ಬೀದರಿನ ಬೀದಿಗಳಲ್ಲಿ ಓಡಾಡಿದ್ದ.

ಅವನು ರಾಯಭಾರಿಯಲ್ಲ, ಪಂಡಿತನೂ ಅಲ್ಲ. ವೋಲ್ಗಾದ ಮುಖಜ ಭೂಮಿಯ ಬಳಿ ತಾತಾರರು ಅವನ ಸರಕನ್ನೆಲ್ಲ ದೋಚಿದರು. ಬರಿಗೈಯಲ್ಲಿ ಊರಿಗೆ ಮರಳಿದರೆ ಸಾಲಗಾರರ ಕಾಟ. ಹಾಗಾಗಿ ಪರ್ಷಿಯಾ ದಾಟಿ, ಹೊರ್ಮುಜ್‌ನಲ್ಲಿ ಹಡಗು ಹತ್ತಿ, ಕೊಂಕಣ ತೀರದ ಚೌಲ್ ಬಂದರಿಗೆ ಬಂದ. ಅವನ ಬಂಡವಾಳವೆಲ್ಲ ಒಂದು ಗಂಡು ಕುದುರೆ. ಜುನ್ನಾರಿನ ಅಧಿಕಾರಿ ಅಸದ್ ಖಾನ್ ಅದನ್ನೂ ಕಿತ್ತುಕೊಂಡ. ಮತ ಬದಲಿಸಿದರೆ ಕುದುರೆಯ ಜೊತೆಗೆ ಸಾವಿರ ಚಿನ್ನದ ನಾಣ್ಯ, ಇಲ್ಲದಿದ್ದರೆ ಕುದುರೆಯೂ ಇಲ್ಲ. ಯೋಚಿಸಲು ನಾಲ್ಕು ದಿನದ ಗಡುವು. ಕೊನೆಗೆ ಬಿಡಿಸಿದವನು ಮಹಮ್ಮದ್ ಎಂಬ ಖುರಾಸಾನಿ ಖಜಾಂಚಿ. ಬಲವಂತ ಮಾಡಿದವನೂ ಕಾಪಾಡಿದವನೂ ಒಂದೇ ಮತದವರು ಎಂಬುದನ್ನು ಓದುಗರು ಗಮನಿಸಬೇಕು.

ಆಗ ಬೀದರ್ ಬಹಮನಿ ಸುಲ್ತಾನರ ರಾಜಧಾನಿ, ಮಹಮೂದ್ ಗವಾನ್ ಮಂತ್ರಿ. ನಮ್ಮ ಹಾಸನದ ಸೀಮೆ ವಿಜಯನಗರದ ಆಳ್ವಿಕೆಯಲ್ಲಿತ್ತು. ನಿಕಿತಿನ್ ಇತ್ತ ಬರಲಿಲ್ಲ, ವಿಜಯನಗರದ ವಿಷಯ ಕೇಳಿ ಬರೆದನಷ್ಟೆ. ಕಣ್ಣಾರೆ ಕಂಡದ್ದರಲ್ಲೇ ಅವನ ಬರಹದ ರುಚಿ. ಶ್ರೀಮಂತರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೆಯುತ್ತಾರೆ, ಹಳ್ಳಿಯ ಜನ ಕಡುಬಡವರು ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮುಂದೆ ಹೋಗುತ್ತಾನೆ. ಕುದುರೆಗೆ ಇಲ್ಲಿ ಕಾಳು ಬೇಯಿಸಿ ಹಾಕುತ್ತಾರೆ, ಕಿಚಡಿ ತಿನ್ನಿಸುತ್ತಾರೆ ಎಂಬುದು ಅವನಿಗೆ ದೊಡ್ಡ ವಿಷಯ. ಮೇವಿನ ಖರ್ಚು ಅವನದೇ ತಾನೆ! ಆಳಂದದಲ್ಲಿ ಶೇಖ್ ಅಲಾವುದ್ದೀನ್ ಎಂಬ ಸಂತನ ಹೆಸರಿನ ಜಾತ್ರೆ. ಅಲ್ಲಿಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಬರೆದಿದ್ದಾನೆ. ಲೆಕ್ಕ ಸ್ವಲ್ಪ ಉಬ್ಬಿರಬಹುದು. ಆದರೆ ಬೂಕನಬೆಟ್ಟದ ದನದ ಜಾತ್ರೆ ಕಂಡ ಚನ್ನರಾಯಪಟ್ಟಣದವರಿಗೆ ಆ ಗದ್ದಲ, ಆ ಧೂಳು ಊಹೆಗೆ ನಿಲುಕದ್ದೇನಲ್ಲ. ಅದೇ ಊರಿನಲ್ಲಿ ರಾತ್ರಿ ಹಾರುವ ಒಂದು ಹಕ್ಕಿಯ ಸುದ್ದಿಯನ್ನೂ ಕೇಳಿದ. ಅದು ಯಾರ ಮನೆಯ ಮೇಲೆ ಕೂರುತ್ತದೋ ಅಲ್ಲಿ ಸಾವು. ಗೂಬೆಯ ಬಗ್ಗೆ ನಮ್ಮ ಅಜ್ಜಿಯರು ಹೇಳುತ್ತಿದ್ದುದೂ ಇದನ್ನೇ.

ಮೊದಮೊದಲು ಹಿಂದೂಗಳ ಮನೆಯ ಬಾಗಿಲು ಅವನಿಗೆ ಮುಚ್ಚಿತ್ತು. ಅವನು ಖ್ವಾಜಾ ಯೂಸುಫ್ ಖುರಾಸಾನಿ ಎಂಬ ಹೆಸರಿಟ್ಟುಕೊಂಡು ತಿರುಗುತ್ತಿದ್ದುದೇ ಕಾರಣ. ಜನ ಅವನೆದುರು ಉಣ್ಣುತ್ತಿರಲಿಲ್ಲ, ಹೆಂಗಸರು ಮರೆಯಾಗುತ್ತಿದ್ದರು. ಬೀದರಿನಲ್ಲಿ ಹಲವರ ಪರಿಚಯವಾದ ಮೇಲೆ ಒಂದು ದಿನ, ತಾನು ಮುಸಲ್ಮಾನನಲ್ಲ, ಕ್ರೈಸ್ತ, ತನ್ನ ಹೆಸರು ಅಫನಾಸಿ ಎಂದು ಹೇಳಿಬಿಟ್ಟ. ಆ ಊರಿನಲ್ಲಿ ಅದು ಅಪಾಯದ ಮಾತು. ಜುನ್ನಾರಿನ ನಾಲ್ಕು ದಿನ ಅವನಿಗೆ ಮರೆತಿರಲಾರದು. ಆದರೆ ಅಂದಿನಿಂದ ಅವರು ಊಟವನ್ನಾಗಲಿ, ವ್ಯಾಪಾರವನ್ನಾಗಲಿ, ಪೂಜೆಯನ್ನಾಗಲಿ ಅವನಿಂದ ಮುಚ್ಚಿಡಲಿಲ್ಲ. ಊಟಕ್ಕೆ ಮೊದಲು ಕೈಕಾಲು ತೊಳೆದು ಬಾಯಿ ಮುಕ್ಕಳಿಸುವುದು, ಚಮಚವಿಲ್ಲದೆ ಬಲಗೈಯಲ್ಲೇ ಉಣ್ಣುವುದು, ದಾರಿಯಲ್ಲಿ ಪ್ರತಿಯೊಬ್ಬನೂ ತನ್ನದೇ ಪಾತ್ರೆಯಲ್ಲಿ ಬೇಯಿಸಿಕೊಳ್ಳುವುದು, ಒಂದು ಜಾತಿಯವರು ಇನ್ನೊಂದು ಜಾತಿಯವರೊಡನೆ ಕೂತು ಉಣ್ಣದಿರುವುದು, ಇವೆಲ್ಲ ಅವನ ಟಿಪ್ಪಣಿಯಲ್ಲಿವೆ. ಶಿವರಾತ್ರಿಗೆ ಅವರೊಡನೆ 'ಪರ್ವತ'ಕ್ಕೂ ಹೋಗಿಬಂದ. ಅದು ಶ್ರೀಶೈಲವೆಂದು ವಿದ್ವಾಂಸರು ಗುರುತಿಸಿದ್ದಾರೆ. ಆಸ್ಥಾನದ ಇತಿಹಾಸಕಾರರು ಯುದ್ಧಗಳನ್ನು ಎಣಿಸುತ್ತಿದ್ದ ಕಾಲದಲ್ಲಿ ಸಾಮಾನ್ಯರ ಊಟದ ಕ್ರಮವನ್ನು ಬರೆದಿಟ್ಟವನು ಈ ಪರದೇಶಿ.

ಅವನ ಸಂಕಟವೂ ಆ ಹಾಳೆಗಳಲ್ಲೇ ಇದೆ. ಧರ್ಮಗ್ರಂಥಗಳು ದರೋಡೆಯಲ್ಲಿ ಹೋಗಿದ್ದವು. ಈಸ್ಟರ್ ಯಾವಾಗ, ಉಪವಾಸ ಯಾವಾಗ ಎಂಬ ಲೆಕ್ಕವೇ ತಪ್ಪಿತು. ಮುಸಲ್ಮಾನರು ಉಪವಾಸ ಮಾಡಿದ ತಿಂಗಳಲ್ಲಿ ತಾನೂ ಮಾಡಿದ. ಕೆಲವು ಪ್ರಾರ್ಥನೆಗಳನ್ನು ರಷ್ಯನ್ ಬಿಟ್ಟು ತುರ್ಕಿ, ಪಾರಸಿ, ಅರಬ್ಬಿ ಬೆರೆತ ಮಾತಿನಲ್ಲಿ ಬರೆದ. ವ್ಯಾಪಾರವೂ ಕೈಗೂಡಲಿಲ್ಲ. ಕುದುರೆಯನ್ನು ವರ್ಷ ಸಾಕಿ ಬೀದರಿನಲ್ಲಿ ಮಾರಿದ; ಊರಿಗೆ ಒಯ್ಯಲು ತಕ್ಕ ಸರಕು ಇಲ್ಲಿ ಸಿಗಲಿಲ್ಲವೆಂದು ಗೊಣಗಿದ್ದಾನೆ.

ದಾಬೋಲ್ ಬಂದರಿನಿಂದ ಹೊರಟು, ಕಪ್ಪು ಸಮುದ್ರ ದಾಟಿ, ಸ್ಮೊಲೆನ್ಸ್ಕ್ ತಲುಪುವ ಮೊದಲೇ ದಾರಿಯಲ್ಲಿ ತೀರಿಕೊಂಡ. ಅವನ ಕೈಬರಹದ ಹಾಳೆಗಳನ್ನು ವ್ಯಾಪಾರಿಗಳು ಮಾಸ್ಕೋಗೆ ತಂದರು. 1475ರಲ್ಲಿ ಅವು ಅಲ್ಲಿನ ಅಧಿಕಾರಿಯೊಬ್ಬನ ಕೈ ಸೇರಿದವು. 1957ರಲ್ಲಿ ಅವನ ಕಥೆ 'ಪರದೇಸಿ' ಎಂಬ ಸಿನಿಮಾ ಆಯಿತು. ತ್ವೇರ್‌ನಲ್ಲಿ ವೋಲ್ಗಾದ ದಂಡೆಯ ಮೇಲೆ, ದೋಣಿಯ ಮೂತಿಯ ಮೇಲೆ ಅವನ ಪ್ರತಿಮೆ ನಿಂತಿದೆ. ದೋಣಿಯ ಆ ಮೂತಿ ಕುದುರೆಯ ತಲೆಯ ಆಕಾರದ್ದು.