ಬಂದರದ ಹಾದಿ: ನವಲಗುಂದದ ಹತ್ತಿ, ಕಾರವಾರದ ಹಡಗು

ಇವತ್ತಿನ ಪ್ರಶ್ನೆ ಸರಳ ಐತಿ. ರೈಲು ಬರೋದಕ್ಕಿಂತ ಮೊದಲು ನಮ್ಮ ನವಲಗುಂದ, ಅಣ್ಣಿಗೇರಿ ಕಡೆಯವರು ಮುಂಬೈ ಹಡಗು ಹತ್ತಬೇಕಂದ್ರ ಬಂದರದ ತನಕ ಹೆಂಗ ಹೋಗ್ತಿದ್ರು?

ಉತ್ತರ ಹತ್ತಿಯೊಳಗೈತಿ. ನಮ್ಮ ಎರೆಹೊಲದ ನಾಡ ಹತ್ತಿಗೆ ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ‘ಕುಮಟಾ’ ಅಂತ ಹೆಸರಿತ್ತು. ಕುಮಟಾ ಅದನ್ನು ಬೆಳೆದ ಊರಲ್ಲ, ಹಡಗಿಗೆ ಏರಿಸಿದ ಊರು. ಬೆವರು ನಮ್ಮದು, ಹೆಸರು ಬಂದರದ್ದು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರೋದು ನಿಂತು, ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಆದರೆ ಹೊಲ ಇದ್ದದ್ದು ಮುಂಬೈ ಪ್ರಾಂತ್ಯದಾಗ, ಬಂದರ ಮದ್ರಾಸ್ ಪ್ರಾಂತ್ಯದಾಗ. 1862ರಲ್ಲಿ ಉತ್ತರ ಕನ್ನಡವನ್ನೇ ಮುಂಬೈಗೆ ಸೇರಿಸಿದರು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ರಸ್ತೆ ಬಂದರದ ಹಾದಿಯಾಯಿತು.

ಹುಬ್ಬಳ್ಳಿಯಿಂದ ಕಾರವಾರ ಸುಮಾರು 165 ಕಿಲೋಮೀಟರ್. ಎತ್ತು ದಿನಕ್ಕ 20–25 ಕಿಲೋಮೀಟರ್ ನಡೆದರೂ ಒಂದು ವಾರ ಬೇಕು. ಅದೂ ವರ್ಷಪೂರ್ತಿ ಅಲ್ಲ. ಮಳೆ ಹಿಡೀತಂದ್ರ ಇತ್ತ ಎರೆಮಣ್ಣಿನಾಗ ಚಕ್ಕಡಿ ಗಾಲಿ ಹೂತು ಹೋಗ್ತಿತ್ತು, ಅತ್ತ ಸಮುದ್ರದಾಗ ಹಡಗು ನಿಲ್ತಿತ್ತು. ಹತ್ತಿ ಬಿಡಿಸಿ ಮುಗಿದ ಮೇಲೆ ಮುಂಗಾರಿನೊಳಗ ಅಂಡಗಿ ಬಂದರ ಮುಟ್ಟಬೇಕು. ಇಳಿಯುವಾಗ ಹತ್ತಿ, ಏರುವಾಗ ಉಪ್ಪು, ತೆಂಗಿನಕಾಯಿ. ಮಂದಿಯ ಪ್ರಯಾಣವೂ ಸರಕಿನ ಈ ಲೆಕ್ಕಕ್ಕೇ ಬಿದ್ದಿತ್ತು.

ಕಾರವಾರದ ಹಡಗಿನ ಪ್ರಯಾಣಕ್ಕ ದೊಡ್ಡ ಸಾಕ್ಷಿಯೊಬ್ಬರಿದ್ದಾರೆ: ರವೀಂದ್ರನಾಥ ಟ್ಯಾಗೋರ್. 1880ರ ದಶಕದ ಆರಂಭದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದರು. ವಾಪಸ್ ಹೋಗುವಾಗ ಹಡಗಿನ ಮೇಲೆ ಕೂತು ಹಾಡು ಬರೆದದ್ದನ್ನು ಅವರೇ ನೆನಪಿಸಿಕೊಂಡಿದ್ದಾರೆ.

ಅದೇ ದಶಕದಾಗ ಲೆಕ್ಕ ತಿರುಗಿತು. 1888ರ ಹೊತ್ತಿಗೆ ಲೋಂಡಾ ಮೇಲಿಂದ ಗೋವಾದ ಮುರ್ಮುಗೋವಾ ಬಂದರಕ್ಕ ರೈಲು ಕೂಡಿತು. ವಾರದ ಹಾದಿ ತಾಸುಗಳಿಗೆ ಇಳಿಯಿತು. ಹತ್ತಿ ಅತ್ತ ಹೊಂಟಿತು, ಕುಮಟಾ, ಕಾರವಾರದ ವ್ಯಾಪಾರ ಸೊರಗಿತು. ಅಣ್ಣಿಗೇರಿ, ಕುಂದಗೋಳಕ್ಕ ಸ್ಟೇಷನ್ ಸಿಕ್ಕವು. ಹತ್ತಿ ಕೊಟ್ಟ ನವಲಗುಂದ, ಹಾದಿ ಕೊಟ್ಟ ಕಲಘಟಗಿ, ಎರಡೂ ಹಳಿಯಿಂದ ಹೊರಗ ಉಳಿದವು.

ಹುಬ್ಬಳ್ಳಿ–ಅಂಕೋಲಾ ರೈಲಿಗೆ 1990ರ ದಶಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಘಟ್ಟದ ಕಾಡು ಉಳೀಬೇಕು ಅನ್ನೋ ವಾದದಾಗ ಅದು ನಿಂತೈತಿ. ಆ ವಾದವೂ ಖರೆನ. ಆದರೆ ಕಲಘಟಗಿಯವರು ಕಾಯ್ತಿರೋದೂ ಖರೆ. ಬಂದರದ ಹಾದಿ ಯಾರ ಊರ ಮೇಲಿಂದ ಹೋಗಬೇಕು ಅನ್ನೋದನ್ನ ಆ ಊರಿನವರು ಅವತ್ತೂ ತೀರ್ಮಾನಿಸಲಿಲ್ಲ, ಇವತ್ತೂ ಇಲ್ಲ.

ನಿಮ್ಮ ಮನ್ಯಾಗ ಘಟ್ಟ ಇಳಿದ ಚಕ್ಕಡಿ ಕಥೆ ಹೇಳೋ ಹಿರಿಯರಿದ್ರ ಈಗಲೇ ಕೇಳಿ ಬರಕೊಳ್ರಿ. ಮತ್ತ ಸಿಗೋಣ.