ಉಸಿರುಗಟ್ಟು: ಒಂದು ಕ್ರಿಯಾಪದದ ಹಿಂದೆ ಹೋಗಿ

ಕನ್ನಡ ಪತ್ರಿಕೆಗಳಲ್ಲಿ 'ಉಸಿರುಗಟ್ಟಿ' ಎಂಬ ಪದ ಒಂಟಿಯಾಗಿ ಬರುವುದು ಕಡಿಮೆ. ಅದರ ಬೆನ್ನಿಗೇ 'ಸಾವು' ಇರುತ್ತದೆ. ಮ್ಯಾನ್‌ಹೋಲಿಗೆ ಇಳಿದ ಪೌರಕಾರ್ಮಿಕರು, ಕೋಣೆಯೊಳಗೆ ಇದ್ದಿಲ ಒಲೆ ಹಚ್ಚಿ ಮಲಗಿದ ಕೂಲಿಗಳು, ಬಾವಿಯ ಹೂಳೆತ್ತಲು ಹೋದವರು ಎಲ್ಲರ ಸುದ್ದಿಗೂ ಇದೇ ಶೀರ್ಷಿಕೆ. ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಆಡುಮಾತಿನ ಕ್ರಿಯಾಪದಗಳನ್ನು ಸಂಶೋಧನೆಗಾಗಿ ಪಟ್ಟಿ ಮಾಡುತ್ತಿರುವ ನನಗೆ ಈ ಪದದ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲಬೇಕಾಯಿತು. ಉಸಿರನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಈ ಪದ ಬಾಯಿ ಬಿಡುವುದಿಲ್ಲ. ಯಾಕೆ?

ಮೊದಲು ಪದವನ್ನು ಬಿಡಿಸಿಕೊಳ್ಳೋಣ. ಉಸಿರು + ಕಟ್ಟು. ಆದೇಶ ಸಂಧಿಯಿಂದ ಕಕಾರಕ್ಕೆ ಗಕಾರ ಬಂದು ಉಸಿರುಗಟ್ಟು. ಎರಡೂ ಅಚ್ಚ ದ್ರಾವಿಡ ಪದಗಳು. ಹಳಗನ್ನಡದ 'ಉಸಿರ್' ತಮಿಳಿನ 'ಉಯಿರ್' ಪದದ ಒಡಹುಟ್ಟು. ಆದರೆ ಎರಡು ಭಾಷೆಗಳು ಈ ಆಸ್ತಿಯನ್ನು ಬೇರೆ ಬೇರೆಯಾಗಿ ಹಂಚಿಕೊಂಡಿವೆ. ಇಂದಿನ ತಮಿಳಿನಲ್ಲಿ 'ಉಯಿರ್' ಎಂದರೆ ಮುಖ್ಯವಾಗಿ ಜೀವ. ಒಳಗೆ ಹೋಗಿ ಹೊರಗೆ ಬರುವ ಗಾಳಿಗೆ ಅಲ್ಲಿ 'ಮೂಚ್ಚು' ಎನ್ನುತ್ತಾರೆ. ತಮಿಳು ವ್ಯಾಕರಣ ಸ್ವರಾಕ್ಷರಗಳನ್ನು 'ಉಯಿರ್' ಎಂದೂ ವ್ಯಂಜನಗಳನ್ನು 'ಮೆಯ್' ಅಂದರೆ ಮೈ ಎಂದೂ ಕರೆಯಿತು. ಕನ್ನಡದ ಉಸಿರು ಗಾಳಿಯನ್ನೂ ಜೀವವನ್ನೂ ಒಟ್ಟಿಗೇ ಇಟ್ಟುಕೊಂಡಿತು. 'ಉಸಿರು ಹೋಯಿತು' ಎಂದರೆ ಎರಡೂ ಹೋದವು ಎಂದೇ ಅರ್ಥ.

ಕನ್ನಡದಲ್ಲಿ ಉಸಿರಿಗೆ ಮೂರನೆಯ ಅರ್ಥವೂ ಇದೆ: ಮಾತು. ಕಾವ್ಯಗಳಲ್ಲಿ 'ಉಸಿರು', 'ಉಸುರು' ಎಂದರೆ ಹೇಳು. ಇಂದಿಗೂ ಗುಟ್ಟನ್ನು ಹೇಳಿ 'ಎಲ್ಲೂ ಉಸಿರು ಬಿಡಬೇಡ' ಎನ್ನುತ್ತೇವೆ. ಸಭೆಯಲ್ಲಿ ಸುಮ್ಮನಿದ್ದವನನ್ನು 'ಉಸಿರೆತ್ತಲಿಲ್ಲ' ಎಂದು ದೂರುತ್ತೇವೆ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಶಬ್ದದ ಹುಟ್ಟನ್ನು ವಿವರಿಸುವುದು ಗಾಳಿಯಿಂದಲೇ: ಜೀವದ ಇಚ್ಛೆಯಿಂದ, ಅನುಕೂಲವಾದ ಗಾಳಿಯ ನೆರವಿನಿಂದ, ನಾಭಿಯ ಮೂಲದಲ್ಲಿ ಕಹಳೆಯ ಹಾಗೆ ಶಬ್ದ ಹುಟ್ಟುತ್ತದೆ ಎನ್ನುತ್ತಾನೆ. ನಮ್ಮ ಅಕ್ಷರಗಳನ್ನು ಅಲ್ಪಪ್ರಾಣ, ಮಹಾಪ್ರಾಣ ಎಂದು ವಿಂಗಡಿಸುವಾಗಲೂ ಅಳೆಯುತ್ತಿರುವುದು ಉಸಿರನ್ನೇ. ಹಾಗಾಗಿ ಈ ಭಾಷೆಯಲ್ಲಿ ಉಸಿರುಗಟ್ಟಿದವನಿಗೆ ಗಾಳಿಯ ಜೊತೆಗೆ ಮಾತೂ ನಿಲ್ಲುತ್ತದೆ.

ಇನ್ನು 'ಕಟ್ಟು'. ಇದು ಕನ್ನಡದ ಬಹು ದುಡಿಯುವ ಧಾತುಗಳಲ್ಲೊಂದು. ಹೆಪ್ಪುಗಟ್ಟು, ಹರಳುಗಟ್ಟು ಎಂಬಲ್ಲಿ ಹೊಸದೊಂದು ರೂಪ ಮೂಡುತ್ತದೆ. ಮೂಗು ಕಟ್ಟಿತು, ಗಂಟಲು ಕಟ್ಟಿತು ಎಂಬಲ್ಲಿ ಹರಿಯಬೇಕಾದದ್ದು ತಡೆಯಾಗುತ್ತದೆ. ಉಸಿರುಗಟ್ಟು ಈ ಎರಡನೆಯ ಗುಂಪಿನದು. ನೀರಿಗೆ ಹಾಕುವ 'ಕಟ್ಟೆ'ಯೂ ಇದೇ ಧಾತುವಿನಿಂದ ಬಂದದ್ದು. ಅಂದರೆ ಕನ್ನಡಿಗರ ಕಲ್ಪನೆಯಲ್ಲಿ ಉಸಿರು ಹರಿಯುವ ವಸ್ತು. ಅದಕ್ಕೆ ಅಡ್ಡ ಬಿದ್ದರೆ ಕಟ್ಟುತ್ತದೆ.

ಗುಂಡ್ಲುಪೇಟೆಯಿಂದ ಒಂದು ದಾರಿ ಊಟಿಗೂ ಇನ್ನೊಂದು ಸುಲ್ತಾನ್ ಬತ್ತೇರಿಗೂ ಹೋಗುತ್ತದೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಮತ್ತೊಂದು. ಮೂರು ಭಾಷೆಗಳು ಸಂತೆಯಲ್ಲಿ ಕೂಡುವ ನೆಲ ಇದು. ತಮಿಳರು 'ಮೂಚ್ಚು ಮುಟ್ಟು' ಎನ್ನುತ್ತಾರೆ, ಮಲಯಾಳಿಗಳು 'ಶ್ವಾಸಂ ಮುಟ್ಟುಕ' ಎನ್ನುತ್ತಾರೆ. ಇಬ್ಬರಿಗೂ ಉಸಿರು ಏನನ್ನೋ ಹೋಗಿ ತಾಕಿ ನಿಲ್ಲುವಂಥದ್ದು. ಕನ್ನಡದ 'ಮುಟ್ಟು' ತಾಕುವಲ್ಲಿಗೇ ನಿಂತಿತು. ತಡೆಯುವ ಕೆಲಸವನ್ನು 'ಕಟ್ಟು' ವಹಿಸಿಕೊಂಡಿತು. ಈ ಸೀಮೆಯ ಆಡುಮಾತಿನಲ್ಲಿ ಅದು 'ಉಸ್ರು ಕಟ್ಟೋಯ್ತು'. ಕೊನೆಯ 'ಹೋಯ್ತು' ಗಮನಿಸಿ: ತಡೆಯಬೇಕೆಂದರೂ ಆಗದೆ, ಕೈಮೀರಿ ನಡೆದುಹೋದದ್ದನ್ನು ಹೇಳುವ ರೀತಿ ಅದು.

ನಮ್ಮ ಹಳ್ಳಿಗಳಲ್ಲಿ ಈ ಪದಕ್ಕೆ ತೀರ ಹತ್ತಿರದ ಅನುಭವ ಕೊಟ್ಟದ್ದು ಹಗೇವು. ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡಲು ನೆಲದೊಳಗೆ ತೋಡುತ್ತಿದ್ದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾದ ಗುಂಡಿ ಅದು. ಮುಚ್ಚಿದ ಗುಂಡಿಯಲ್ಲಿ ಕಾಳೂ ಉಸಿರಾಡುತ್ತದೆ. ಇದ್ದ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹುಳುಗಳಿಗೆ ಗಾಳಿ ಸಿಗದೆ ಅವು ಸಾಯುತ್ತವೆ, ಕಾಳು ಉಳಿಯುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ಬಾಯಿ ತೆರೆದ ಮೇಲೂ ತಳದಲ್ಲೇ ನಿಂತಿರುತ್ತದೆ. ಆತುರದಲ್ಲಿ ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಹೋದವನೂ ಬರುವುದಿಲ್ಲ. ಅದಕ್ಕೇ ಹಿರಿಯರು ಹಗೇವಿನ ಬಾಯಿ ತೆರೆದು ಗಾಳಿಯಾಡಲು ಬಿಡುತ್ತಿದ್ದರು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಆಮ್ಲಜನಕ ಎಂಬ ಪದ ಕನ್ನಡಕ್ಕೆ ಬರುವ ಮೊದಲೇ ಅದರ ಕೊರತೆಯನ್ನು ಅಳೆಯುವ ಉಪಾಯ ಇಲ್ಲಿತ್ತು.

ಆ ಪದದ ಕಥೆಯೂ ಸ್ವಾರಸ್ಯವಾದದ್ದು. 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವಾಸಿಯೆ, ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರಲೇಬೇಕೆಂದು ಭಾವಿಸಿ, 'ಆಮ್ಲವನ್ನು ಹುಟ್ಟಿಸುವುದು' ಎಂಬರ್ಥದ ಹೆಸರನ್ನು ಗ್ರೀಕ್ ಧಾತುಗಳಿಂದ ಕಟ್ಟಿದ. ಅದು ತಪ್ಪೆಂದು ಮುಂದೆ ತಿಳಿಯಿತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲ. ಹೆಸರು ಮಾತ್ರ ಉಳಿಯಿತು, ಸಂಸ್ಕೃತ ಪದಗಳ ಮೂಲಕ ಆಮ್ಲಜನಕವಾಗಿ ನಮಗೂ ಬಂತು. ವೈದ್ಯರು ಉಸಿರುಗಟ್ಟುವುದಕ್ಕೆ ಬಳಸುವ 'ಆಸ್ಫಿಕ್ಸಿಯಾ' ಕೂಡ ಇಂಥದ್ದೇ. ಗ್ರೀಕಿನಲ್ಲಿ ಅದರ ಅರ್ಥ ನಾಡಿ ನಿಲ್ಲುವುದು. ಇವುಗಳ ಪಕ್ಕದಲ್ಲಿ ಇಟ್ಟು ನೋಡಿದರೆ 'ಉಸಿರುಗಟ್ಟು' ಹೆಚ್ಚು ಪ್ರಾಮಾಣಿಕವಾದ ಪದ. ಆಗುವುದನ್ನೇ ಹೇಳುತ್ತದೆ.

ಆದರೂ ಮಾಡಿದವರನ್ನು ಹೇಳುವುದಿಲ್ಲ. ಕಬಡ್ಡಿ ಆಟಗಾರ ಉಸಿರು ಕಟ್ಟಿ ಎದುರಾಳಿಯ ಅಂಕಣಕ್ಕೆ ನುಗ್ಗುತ್ತಾನೆ, ಈಜುಗಾರ ಉಸಿರು ಕಟ್ಟಿ ಮುಳುಗುತ್ತಾನೆ. ಇಲ್ಲಿ ಕರ್ತೃ ಇದ್ದಾನೆ, ಉಸಿರು ಕರ್ಮ. ಕೈಮುಗಿ, ಕಣ್ಮುಚ್ಚು ಎಂಬಂತೆ ಇದನ್ನೂ ಕ್ರಿಯಾಸಮಾಸ ಎನ್ನಬಹುದು. 'ಅವನಿಗೆ ಉಸಿರುಗಟ್ಟಿತು' ಎಂದಾಗ ಉಸಿರೇ ಕರ್ತೃವಿನ ಜಾಗಕ್ಕೆ ಬರುತ್ತದೆ, ಮನುಷ್ಯ ಚತುರ್ಥಿ ವಿಭಕ್ತಿಗೆ ಸರಿಯುತ್ತಾನೆ. ಹಸಿವಾಯಿತು, ಚಳಿಯಾಯಿತು ಎಂಬಂತೆ ಅವನು ಅನುಭವಿಸುವವನು ಮಾತ್ರ. ಹೊರಗಿನವರ ಕೈ ಕಾಣಬೇಕಾದರೆ 'ಉಸಿರುಗಟ್ಟಿಸು' ಎಂಬ ಪ್ರೇರಣಾರ್ಥಕ ರೂಪ ಬೇಕು. 'ಇಸು' ಎಂಬ ಒಂದು ಪ್ರತ್ಯಯದ ಅಂತರ.

ಈ ಅಂತರ ವ್ಯಾಕರಣದ ಪುಸ್ತಕವನ್ನು ದಾಟಿ ಹೊರಬಂದದ್ದು 2021ರಲ್ಲಿ. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಮೈಸೂರಿನಿಂದ ಬರಬೇಕಿದ್ದ ಸಿಲಿಂಡರುಗಳು ಹೊತ್ತಿಗೆ ಬರಲಿಲ್ಲ. ಮೇ 3ರ ಹೊತ್ತಿಗೆ 24 ರೋಗಿಗಳು ಸತ್ತಿದ್ದರು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ, ಉಳಿದವರ ಸಾವಿಗೆ ಬೇರೆ ಕಾರಣಗಳಿವೆ ಎಂಬುದು ಸರ್ಕಾರದ ಕಡೆಯಿಂದ ಬಂದ ಮೊದಲ ಮಾತು. ಹೈಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ನೇತೃತ್ವದ ಸಮಿತಿ ಈ ಲೆಕ್ಕವನ್ನು ಒಪ್ಪಲಿಲ್ಲ. ಅದೇ ವರ್ಷ ಜುಲೈ 20ರಂದು ಕೇಂದ್ರ ಸರ್ಕಾರ ರಾಜ್ಯಸಭೆಗೆ ಲಿಖಿತ ಉತ್ತರ ಕೊಟ್ಟಿತು: ಎರಡನೇ ಅಲೆಯಲ್ಲಿ ಆಮ್ಲಜನಕದ ಕೊರತೆಯಿಂದಲೇ ಆದ ಸಾವುಗಳನ್ನು ರಾಜ್ಯಗಳು, ಕೇಂದ್ರಾಡಳಿತ ಪ್ರದೇಶಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ.

24, ಮೂರು, ಕೊನೆಗೆ ಒಂದೂ ಇಲ್ಲ. ಸತ್ತವರ ಸಂಖ್ಯೆ ಬದಲಾಗಿರಲಿಲ್ಲ, ಸಾವಿಗೆ ಕೊಟ್ಟ ಹೆಸರು ಬದಲಾಗುತ್ತಿತ್ತು. 'ಉಸಿರಾಟದ ತೊಂದರೆ' ಎಂದು ಬರೆದರೆ ತೊಂದರೆ ರೋಗಿಯ ಎದೆಯೊಳಗಿರುತ್ತದೆ. 'ಆಮ್ಲಜನಕದ ಕೊರತೆ' ಎಂದರೆ ಅದು ಗೋದಾಮಿನಲ್ಲೋ ದಾರಿಯಲ್ಲೋ ಇರುತ್ತದೆ. 'ಉಸಿರುಗಟ್ಟಿತು' ಎರಡರ ನಡುವೆ ನಿಂತು, ಎಲ್ಲೋ ಕಟ್ಟಿದೆ ಎಂದಷ್ಟೇ ಹೇಳುತ್ತದೆ. ಕಟ್ಟಿದ್ದು ಶ್ವಾಸಕೋಶದಲ್ಲೋ ಕೊಳವೆಯಲ್ಲೋ ಕಡತದಲ್ಲೋ ಎಂಬುದನ್ನು ತನಿಖೆಯೇ ಹೇಳಬೇಕು.

ಮ್ಯಾನ್‌ಹೋಲಿನ ಸುದ್ದಿಗಳಿಗೂ ಇದೇ ಮಾತು ಸಲ್ಲುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. 'ಇಳಿಸು' ಎಂಬುದರಲ್ಲಿ ಇಳಿಸಿದವನಿದ್ದಾನೆ. ಮರುದಿನದ ಪತ್ರಿಕೆಯಲ್ಲಿ ಅದು 'ಇಳಿದು ಉಸಿರುಗಟ್ಟಿ ಸಾವು' ಎಂದಾಗುತ್ತದೆ, ಅಲ್ಲಿ ಅವನಿಲ್ಲ. ಶೀರ್ಷಿಕೆಗೆ ಜಾಗ ಕಡಿಮೆ, ನಿಜ. ಆದರೆ ಒಂದು ಪ್ರತ್ಯಯಕ್ಕೆ ಬೇಕಾದ ಜಾಗ ಎಷ್ಟು?

ನನ್ನ ಪಟ್ಟಿಯಲ್ಲಿ ಈ ಪದದ ಎದುರು ಮೂರು ಅರ್ಥ ಬರೆದಿದ್ದೇನೆ: ತಾನೇ ಉಸಿರು ಹಿಡಿಯುವುದು, ಉಸಿರು ತಡೆಯಾಗುವುದು, ಮಾತು ನಿಲ್ಲುವುದು. ಪಕ್ಕದ ಸಾಲಿನಲ್ಲಿ ಉಸಿರುಗಟ್ಟಿಸು ಎಂಬ ರೂಪವನ್ನು ಪ್ರತ್ಯೇಕ ನಮೂದಾಗಿ ಇಟ್ಟಿದ್ದೇನೆ. ನಿಘಂಟಿನ ರೂಢಿಯಲ್ಲಿ ಪ್ರೇರಣಾರ್ಥಕಗಳು ಮೂಲ ಧಾತುವಿನ ಅಡಿಯಲ್ಲೇ ಅಡಗಿಹೋಗುವುದುಂಟು. ಈ ಒಂದಕ್ಕೆ ಮಾತ್ರ ಸ್ವಂತ ಸಾಲು ಬೇಕೆನಿಸಿತು.