ಎರಡು ಕಂಪನಿ, ಒಂದೇ ಕಲ್ಪನೆ: ಫ್ರಾಂಕ್ ಸಿನಾತ್ರಾ ಧ್ವನಿಮುದ್ರಣಗಳ ಮರುಪರಿಶೀಲನೆ (1943–1960)

ಫ್ರಾಂಕ್ ಸಿನಾತ್ರಾ ಕುರಿತ ಬರಹಗಳಲ್ಲಿ ಒಂದು ಕಥೆ ಪದೇ ಪದೇ ಎದುರಾಗುತ್ತದೆ. ಕೊಲಂಬಿಯಾ ಕಂಪನಿಯಲ್ಲಿದ್ದಾಗ ಹರೆಯದ ಹುಡುಗಿಯರ ಕಣ್ಮಣಿಯಾಗಿದ್ದ ಗಾಯಕ 1950ರ ಹೊತ್ತಿಗೆ ನೆಲಕಚ್ಚಿದ. 'ಫ್ರಮ್ ಹಿಯರ್ ಟು ಇಟರ್ನಿಟಿ' ಚಿತ್ರಕ್ಕೆ ಸಿಕ್ಕ ಆಸ್ಕರ್ ಅವನನ್ನು ಎತ್ತಿ ನಿಲ್ಲಿಸಿತು. ಕ್ಯಾಪಿಟಲ್ ಕಂಪನಿಯಲ್ಲಿ ಬೇರೆಯೇ ಸಿನಾತ್ರಾ ಹುಟ್ಟಿದ. ಈ ಕಥೆಗೆ ಇಸವಿಗಳೇ ಒಗ್ಗುವುದಿಲ್ಲ. ಕ್ಯಾಪಿಟಲ್ ಜೊತೆಗಿನ ಒಪ್ಪಂದ 1953ರ ಮಾರ್ಚ್‌ನದು. ಚಿತ್ರ ತೆರೆಕಂಡದ್ದು ಆಗಸ್ಟ್‌ನಲ್ಲಿ, ಪ್ರಶಸ್ತಿ ಬಂದದ್ದು ಮರುವರ್ಷ. ಕ್ಯಾಪಿಟಲ್‌ನ ಹೆಸರಾಂತ ಆಲ್ಬಮ್‌ಗಳ ಕಲ್ಪನೆ, ಅಂದರೆ ಒಂದೇ ಭಾವಕ್ಕೆ ಹಾಡುಗಳನ್ನು ಪೋಣಿಸುವುದು, 1945ರಲ್ಲೇ ಮೂಡಿತ್ತು, ಅದಕ್ಕೆ ಬೇಕಿದ್ದದ್ದು ಹೆಚ್ಚು ಹೊತ್ತು ಓಡುವ ತಟ್ಟೆ ಎಂಬುದು ಈ ಲೇಖನದ ವಾದ.

ಕೊಲಂಬಿಯಾದಲ್ಲಿ ಆರಂಭವೇ ವಿಚಿತ್ರ. 1942ರ ಆಗಸ್ಟ್‌ನಿಂದ ಅಮೆರಿಕದ ವಾದ್ಯಗಾರರ ಸಂಘ ಧ್ವನಿಮುದ್ರಣವನ್ನು ಬಹಿಷ್ಕರಿಸಿದ್ದರಿಂದ, 1943ರ ಮುದ್ರಣಗಳಲ್ಲಿ ವಾದ್ಯವೃಂದದ ಜಾಗದಲ್ಲಿ ಕೋರಸ್ ಇದೆ. ಮುಷ್ಕರ ಮುಗಿದ ಮೇಲೆ ಬಂದದ್ದು 'ದಿ ವಾಯ್ಸ್ ಆಫ್ ಫ್ರಾಂಕ್ ಸಿನಾತ್ರಾ'. 1945ರಲ್ಲಿ ಮುದ್ರಣವಾಗಿ 1946ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಈ ಆಲ್ಬಮ್‌ನಲ್ಲಿ ನಾಲ್ಕು ತಟ್ಟೆ, ಎಂಟು ಹಾಡು. ವಾದ್ಯಸಂಯೋಜಕ ಆಕ್ಸೆಲ್ ಸ್ಟೋರ್ಡಾಲ್ ದೊಡ್ಡ ವೃಂದವನ್ನು ಬದಿಗಿಟ್ಟು, ನಾಲ್ಕು ತಂತಿವಾದ್ಯಗಳ ಸುತ್ತ ಪುಟ್ಟ ಮೇಳವೊಂದನ್ನು ಕಟ್ಟಿದ. ಹಾಡುಗಳ ಲಯ ನಿಧಾನ, ಭಾವ ಒಂದೇ ಜಾಡಿನದು. ಟ್ರಾಂಬೋನ್ ವಾದಕ ಟಾಮಿ ಡಾರ್ಸಿಯನ್ನು ನೋಡಿ ಸಿನಾತ್ರಾ ಕಲಿತ ಉಸಿರಿನ ಹಿಡಿತ ಇಲ್ಲಿ ಸ್ಪಷ್ಟ: ಸಾಲು ಮುಗಿಯುವಲ್ಲಿ ಉಸಿರೆಳೆಯದೆ, ಅದನ್ನು ಮುಂದಿನ ಸಾಲಿಗೆ ಜಾರಿಸಿಬಿಡುತ್ತಾನೆ. ಆದರೆ ಮೂರು ಚಿಲ್ಲರೆ ನಿಮಿಷಕ್ಕೊಮ್ಮೆ ತಟ್ಟೆಯ ಮುಖವೇ ಮುಗಿಯುತ್ತಿತ್ತು. ತಟ್ಟೆ ಬದಲಿಸುವ ಯಂತ್ರವಿಲ್ಲದವರು ಎದ್ದು ಹೋಗಲೇಬೇಕಿತ್ತು; ಕಟ್ಟಿದ ಭಾವ ಅಲ್ಲಿಗೆ ಕಡಿಯುತ್ತಿತ್ತು. 1948ರಲ್ಲಿ ಕೊಲಂಬಿಯಾ ಲಾಂಗ್ ಪ್ಲೇ ತಟ್ಟೆಯನ್ನು ಹೊರತಂದಾಗ ಹತ್ತಿಂಚಿನ ಜನಪ್ರಿಯ ಸಂಗೀತದ ಸರಣಿಯಲ್ಲಿ ಮೊದಲ ಸಂಖ್ಯೆ ಸಿಕ್ಕಿದ್ದು ಇದೇ ಆಲ್ಬಮ್‌ಗೆ.

ಇನ್ನು 'ಪತನ'ದ ವರ್ಷಗಳು. ನಿರ್ಮಾಪಕ ಮಿಚ್ ಮಿಲ್ಲರ್ ಕಾಲದಲ್ಲಿ ಬಂದ 'ಮಾಮಾ ವಿಲ್ ಬಾರ್ಕ್' ಎಂಬ ನಾಯಿ ಬೊಗಳುವ ಹಾಡನ್ನು ಎಲ್ಲರೂ ಎತ್ತಿ ಆಡುತ್ತಾರೆ, ಆಡಲಿ. ಆದರೆ ಅದೇ 1951ರಲ್ಲಿ 'ಐ ಆಮ್ ಎ ಫೂಲ್ ಟು ವಾಂಟ್ ಯು' ಕೂಡ ಮುದ್ರಣವಾಯಿತು. ಇಲ್ಲಿ ದನಿಯ ಅಂಚು ಒರಟಾಗಿದೆ, ಮಂದ್ರದ ಸ್ವರಗಳಿಗೆ ತೂಕ ಬಂದಿದೆ. ಕ್ಯಾಪಿಟಲ್‌ನದೆಂದು ಹೇಳುವ ದನಿ ಕೊಲಂಬಿಯಾದಲ್ಲೇ ಕೇಳಿಸುತ್ತದೆ. 1952ರಲ್ಲಿ ಕೆಟ್ಟಿದ್ದದ್ದು ಮಾರುಕಟ್ಟೆ. ಕಂಠ ಕೆಟ್ಟಿತ್ತು ಎನ್ನಲು ತಟ್ಟೆಗಳು ಸಾಕ್ಷಿ ಹೇಳುವುದಿಲ್ಲ.

ಕ್ಯಾಪಿಟಲ್‌ನಲ್ಲಿ ಬಂದ 1955ರ 'ಇನ್ ದಿ ವೀ ಸ್ಮಾಲ್ ಅವರ್ಸ್' ಹದಿನಾರು ಹಾಡುಗಳ, ಸುಮಾರು 48 ನಿಮಿಷಗಳ ಆಲ್ಬಮ್. ಶೀರ್ಷಿಕೆ ಗೀತೆಗೆ ವಾದ್ಯಸಂಯೋಜಕ ನೆಲ್ಸನ್ ರಿಡಲ್ ಸೆಲೆಸ್ಟಾ ವಾದ್ಯದ ಗಂಟೆಯಂಥ ಸ್ವರಗಳಿಂದ ಬಾಗಿಲು ತೆಗೆಯುತ್ತಾನೆ. ಗಾಯಕ ಬಹುತೇಕ ಮಾತಿನ ಮಟ್ಟದಲ್ಲೇ ಒಳಬರುತ್ತಾನೆ. ಮೈಕ್ರೊಫೋನ್ ಅಷ್ಟು ಹತ್ತಿರವಿಲ್ಲದೆ ಈ ದನಿ ನಿಲ್ಲದು. ಸ್ಟೋರ್ಡಾಲ್‌ನ ಮೃದುತ್ವಕ್ಕಿಂತ ರಿಡಲ್‌ನ ಸಂಯೋಜನೆಗೆ ವರ್ಣಛಾಯೆ ಹೆಚ್ಚು, ಇದನ್ನು ಒಪ್ಪಲೇಬೇಕು. ಆದರೆ ಒಂದೇ ಭಾವಕ್ಕೆ ಹಾಡುಗಳನ್ನು ಪೋಣಿಸುವ ವಿಧಾನ ಹಳೆಯದೇ. 1946ರ ಎಂಟು ಹಾಡುಗಳಲ್ಲಿ ಮೂರು 'ನೋ ಒನ್ ಕೇರ್ಸ್' (1959) ಮತ್ತು 'ನೈಸ್ ಅಂಡ್ ಈಸಿ' (1960) ಆಲ್ಬಮ್‌ಗಳಲ್ಲಿ ಮರಳಿ ಬಂದಿವೆ.

ಪುನರ್ಜನ್ಮದ ಕಥೆ ಹೇಳುವವರು ತೋರುವ ಮುಖ್ಯ ಪುರಾವೆ 1953ರ ಏಪ್ರಿಲ್ 30ರಂದು ರಿಡಲ್ ಜೊತೆ ಮುದ್ರಿಸಿದ 'ಐ ಹ್ಯಾವ್ ಗಾಟ್ ದಿ ವರ್ಲ್ಡ್ ಆನ್ ಎ ಸ್ಟ್ರಿಂಗ್'. ಆದರೆ ಅದು ಹೊರಬಂದದ್ದು ಬಿಡಿ ತಟ್ಟೆಯಾಗಿ, ಆಲ್ಬಮ್‌ನ ಭಾಗವಾಗಿ ಅಲ್ಲ. 1956ರಲ್ಲಿ 'ದಿಸ್ ಈಸ್ ಸಿನಾತ್ರಾ!' ಎಂಬ ಬಿಡಿ ಹಾಡುಗಳ ಸಂಕಲನ ಬಂದಾಗ ಅದನ್ನು ಅಲ್ಲಿ ಸೇರಿಸಿದರು. 1954–55ರಲ್ಲಿ ಭಾವಕ್ಕೆ ತಕ್ಕಂತೆ ಕಟ್ಟಿದ ಯಾವ ಆಲ್ಬಮ್‌ನಲ್ಲೂ ಅದಕ್ಕೆ ಜಾಗ ಸಿಕ್ಕಿರಲಿಲ್ಲ.